ಏಜೆಂಟ್ ವೆಂಕಟರಾಯಪ್ಪನವರ ಮೊಲ

ವೆಂಕಟರಾಯಪ್ಪನವರಿಗೆ ಎರಡು ಕಂಠಗಳಿದ್ದವು. ಒಂದು, ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಈ ತುದಿಯಲ್ಲಿ ನಿಂತು "ಬೆಳುಗುಪ್ಪಾ, ಬೆಳುಗುಪ್ಪಾ, ಎಕ್ಕಂಡಿ ಎಕ್ಕಂಡಿ, ಹತ್ತಿ ಹತ್ತಿ!" ಎಂದು ಕೂಗಿದರೆ, ಆ ತುದಿಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವನು ಲೋಟವನ್ನು ಅರ್ಧಕ್ಕೇ ಬಿಟ್ಟು ಎದ್ದು ಓಡಿಬರುವಂಥ ಘನಗಂಭೀರವಾದ ಕಂಠ. ಇನ್ನೊಂದು, ಬಸ್ಸು ಹೊರಟುಹೋಗಿ ಧೂಳು ಅಡಗಿದ ಮೇಲೆ ಯಾರಾದರೂ "ಊಟ ಆಯ್ತಾ?" ಎಂದು ವಿಚಾರಿಸಿದರೆ ಉತ್ತರ ಕೊಡುವ ಕಂಠ, ಅದು ಅವರ ಮೀಸೆಯನ್ನು ದಾಟಿ ಈಚೆಗೆ ಬರುತ್ತಿರಲಿಲ್ಲ. ಮೊದಲನೆಯದು ಬಸ್ಸಿನ ಯಜಮಾನರ ಸೊತ್ತು, ಎರಡನೆಯದು ಮಾತ್ರ ತಮ್ಮದು ಎಂದು ತಿಳಿದಿದ್ದರೋ ಏನೋ, ಆ ಎರಡನೆಯದನ್ನು ಅವರು ಬಹಳ ಕೈಹಿಡಿತದಿಂದ ಬಳಸುತ್ತಿದ್ದರು.

ನಾನು ಹಿಂದೂಪುರದವನು. ೧೯೫೭ರಲ್ಲಿ ಕಲ್ಯಾಣದುರ್ಗದ ಹೈಸ್ಕೂಲಿಗೆ ಚರಿತ್ರೆಯ ಮೇಷ್ಟರಾಗಿ ಹೋದಾಗ, ಊರಿಗೆ ಓಡಿ ಬರುವ ಚಪಲ ಇನ್ನೂ ಬಿಡದ ವಯಸ್ಸು. ಶನಿವಾರ ಮಧ್ಯಾಹ್ನವಾಯಿತೆಂದರೆ ಬಸ್ ಸ್ಟ್ಯಾಂಡಿನಲ್ಲಿ ಹಾಜರಾಗುತ್ತಿದ್ದೆ. ಹಾಗೆ ಪರಿಚಯವಾದವರು ಈ ಬುಕಿಂಗ್ ಏಜೆಂಟರು. ಅವರೂ ನಮ್ಮ ಕಡೆಯವರೇ, ಲೇಪಾಕ್ಷಿಯ ಬಳಿಯ ಒಕ್ಕಲು ಮನೆತನ. ಜಮೀನು ದಾಯಾದಿಗಳ ಪಾಲಾಗಿ, ಇದ್ದೊಬ್ಬ ತಂಗಿಯನ್ನು ಹಿಂದೂಪುರದ ಬೆಲ್ಲದ ವ್ಯಾಪಾರಿಯೊಬ್ಬರ ಮನೆಗೆ ಕೊಟ್ಟು, ತಮ್ಮ ಮದುವೆಯ ವಯಸ್ಸನ್ನು ಯಾವ ಗಲಾಟೆಯಲ್ಲೋ ದಾಟಿ ಬಂದು, ನಡುವಯಸ್ಸಿನಲ್ಲಿ ಈ ಪರಸ್ಥಳದಲ್ಲಿ ನೆಲೆಯಾಗಿದ್ದರು. ಸ್ಟ್ಯಾಂಡಿನ ಹಿಂದೆ ತಗಡಿನ ಮಾಡಿನ ಒಂದು ಕೋಣೆ, ಸ್ಟ್ಯಾಂಡಿನ ಮುಂದೆ ಹಲಗೆಯ ಒಂದು ಬುಕಿಂಗ್ ಗೂಡು. ಈ ಎರಡರ ನಡುವಿನ ಜಾಗವೇ ಅವರ ಭೂಮಂಡಲ.

ಕಲ್ಯಾಣದುರ್ಗದ ಬಿಸಿಲು ಎಂಥದೆಂದು ಅಲ್ಲಿ ಒಂದು ಬೇಸಿಗೆ ಕಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಬಿಸಿಲಿನಲ್ಲೂ ಅವರು ಕಪ್ಪು ಉಣ್ಣೆಯ ಕೋಟನ್ನು ಮೈಮೇಲಿಂದ ಇಳಿಸುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ಯಜಮಾನರು ತಮ್ಮ ಹಳೆಯ ಕೋಟನ್ನು ಕೊಟ್ಟು, ಏಜೆಂಟ್ ಅಂದಮೇಲೆ ಕೋಟು ಇರಬೇಕು ಎಂದಿದ್ದರಂತೆ. ತೆಗೆಯಬಹುದು ಎಂದು ಆಮೇಲೆ ಯಾರೂ ಹೇಳಲಿಲ್ಲವಾದ್ದರಿಂದ ಇವರು ತೆಗೆಯಲೂ ಇಲ್ಲ. ನಡೆಯುವಾಗ ಗೋಡೆಯ ಅಂಚು ಹಿಡಿದೇ ನಡೆಯುವರು. ಎದುರಿಗೆ ಮನುಷ್ಯರು ಬರಲಿ, ಎಮ್ಮೆ ಬರಲಿ, ನಿಂತು, ಪಕ್ಕಕ್ಕೆ ಸರಿದು, ದಾರಿ ಕೊಟ್ಟು, ಆಮೇಲೆ ತಮ್ಮ ಹೆಜ್ಜೆ ಎತ್ತಿಡುವರು. ಒಮ್ಮೆ ಅವರೂ ಒಂದು ಮೇಕೆಯೂ ಓಣಿಯಲ್ಲಿ ಎದುರುಬದುರಾಗಿ, ಎರಡು ಕಡೆಯವರೂ ಒಂದೇ ದಿಕ್ಕಿಗೆ ಸರಿಯುತ್ತಾ ಬಹಳ ಹೊತ್ತು ಸೌಜನ್ಯ ತೋರಿಸಿಕೊಂಡದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಏನು ಕೇಳಿದರೂ "ನಮ್ದೇನೈತೆ ಬಿಡಿ ಮೇಷ್ಟ್ರೇ" ಎಂಬುದು ಅವರ ಪಲ್ಲವಿ. ಹಬ್ಬ ಹೇಗಾಯಿತು ಎಂದರೂ ಅದೇ, ಜ್ವರ ಹೇಗಿದೆ ಎಂದರೂ ಅದೇ.

ಇಂಥವರಿಗೆ ಒಂದು ಮೊಲ ಗಂಟುಬಿತ್ತು.

೧೯೫೯ರ ಶಿವರಾತ್ರಿ ಕಳೆದ ಹೊಸತು. ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಇಂದ್ರಜಾಲದವನೊಬ್ಬ ಒಂದು ವಾರ ಆಟ ಕಟ್ಟಿ, ಟೋಪಿಯೊಳಗಿಂದ ಬಿಳಿಯ ಮೊಲ ತೆಗೆದು ಊರಿನವರ ಬಾಯಿ ತೆರೆಸಿ ಹೋಗಿದ್ದ. ಅವನು ಹೋದ ಮರುದಿನ ಬೀದಿನಾಯಿಗಳ ಒಂದು ಹಿಂಡು ಏನನ್ನೋ ಅಟ್ಟಿಸಿಕೊಂಡು ಬಂದು ಬುಕಿಂಗ್ ಗೂಡಿನ ಮುಂದೆ ನಿಂತು ಬೊಗಳತೊಡಗಿತು. ವೆಂಕಟರಾಯಪ್ಪನವರು ಬಗ್ಗಿ ನೋಡಿದರೆ, ಬೆಂಚಿನ ಕೆಳಗೆ, ತಮ್ಮ ಚಪ್ಪಲಿಗಳ ನಡುವೆ, ಕೆಂಪುಗಣ್ಣಿನ ಬಿಳಿ ಉಂಡೆಯೊಂದು ಎದೆ ಬಡಿದುಕೊಳ್ಳುತ್ತಾ ಕೂತಿತ್ತು. ಅವತ್ತಿನ ಸಾಯಂಕಾಲದ ಬಸ್ಸಿಗೆ ಅವರು ಗೂಡಿನೊಳಗೆ ಕೂತೇ ಕೂಗಿದರು. ಹೊರಗೆ ಬಂದರೆ ನಾಯಿ ಒಳಗೆ ನುಗ್ಗುತ್ತದೆ ಎಂಬ ಭಯ.

ಪರರ ವಸ್ತು ಎಂಬ ಸಂಕೋಚ ಅವರನ್ನು ಮೊದಲು ಕಾಡಿತು. ಬೆಳುಗುಪ್ಪಕ್ಕೆ ಹೋಗುವ ಡ್ರೈವರು, ಉರವಕೊಂಡಕ್ಕೆ ಹೋಗುವ ಡ್ರೈವರು, ಎಲ್ಲರ ಹತ್ತಿರವೂ ಇಂದ್ರಜಾಲದವನು ಕಂಡರೆ ಹೇಳಿ ಎಂದು ಸಮಾಚಾರ ಕಳಿಸಿದರು. ಕೊನೆಗೆ ಡ್ರೈವರ್ ಕದಿರಣ್ಣ ಉತ್ತರ ತಂದ.

"ಏಜೆಂಟಪ್ಪಾ, ನಿಮ್ಮ ಟೋಪಿಯೋನು ಉರವಕೊಂಡದಾಗೆ ಸಿಕ್ದ. 'ಆ ಕುಂದೇಲು ನಾಕೊದ್ದು' ಅಂದ್ಬುಟ್ಟ, ಆ ಮೊಲ ನಂಗೆ ಬ್ಯಾಡ ಅಂತ. ಟೋಪಿಗೆ ಹಿಡಿಸ್ದಂಗೆ ಬೆಳ್ದ್ಬುಟ್ಟೈತಂತೆ ಮೊಲ. ಇಟ್ಕಂಡ್ರೆ ಇಟ್ಕಳ್ಳಿ, ತಿಂದ್ರೆ ತಿನ್ಲಿ ಅಂದ."

ವೆಂಕಟರಾಯಪ್ಪನವರು ಈ ಮಾತನ್ನು ಎರಡು ಸಲ ಹೇಳಿಸಿಕೊಂಡರು. ಬೇಡವಾಗಿ ಬಿಟ್ಟುಹೋದದ್ದು, ಆದ್ದರಿಂದ ಇಟ್ಟುಕೊಳ್ಳಬಹುದು ಎಂಬುದು ಅವರ ಮನಸ್ಸಿಗೆ ಇಳಿಯಲು ಹೊತ್ತು ಹಿಡಿಯಿತು. ಸ್ವಂತದ್ದು ಎಂದು ಹೇಳಿಕೊಳ್ಳಲು ಅವರಿಗೆ ಅದುವರೆಗೆ ಒಂದು ತಗಡಿನ ಟ್ರಂಕು ಬಿಟ್ಟರೆ ಬೇರೆ ಇರಲಿಲ್ಲ. ಟ್ರಂಕು ಹಿಂದೆ ಹಿಂದೆ ಬರುವುದಿಲ್ಲ, ಮಡಿಲು ಹತ್ತುವುದಿಲ್ಲ.

ಇನ್ನು ಸಾಕುವ ಮಾತು. ನಮ್ಮ ಆ ಸೀಮೆಯಲ್ಲಿ ಮೊಲವನ್ನು ಹಿಡಿಯುವ ಬಗೆ, ಸುಲಿಯುವ ಬಗೆ, ಎಷ್ಟು ಮೆಣಸು ಅರೆದು ಬೇಯಿಸಬೇಕೆಂಬ ಬಗೆ ಮಗುವಿನಿಂದ ಮುದುಕರವರೆಗೆ ಎಲ್ಲರಿಗೂ ಗೊತ್ತು. ಸಾಕುವ ಬಗೆ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಸಲಹೆಗಳಿಗೆ ಮಾತ್ರ ಕೊರತೆಯಾಗಲಿಲ್ಲ. ಒಬ್ಬರು ಹಾಲು ಅಂದರು. ಹಾಲಿಟ್ಟರೆ ಅದು ಮೂಸಿ ಸೀನಿತು. ಒಬ್ಬರು ಬೊರುಗು ಅಂದರು, ಅದೇ ಮಂಡಕ್ಕಿ. ಬೊರುಗಿನ ಪೊಟ್ಟಣದ ಕಾಗದವನ್ನು ತಿಂದು ಬೊರುಗನ್ನು ಬಿಟ್ಟಿತು. ಕಡಲೆ ಗಿಡದ ಹಸಿ ಸೊಪ್ಪು ತಂದು ಹಾಕಿದ ಮರುದಿನ ಹೊಟ್ಟೆ ಕೆಟ್ಟು, ಆ ಕಪ್ಪು ಕೋಟಿನ ಒಂದು ಮಗ್ಗುಲೆಲ್ಲ ಹಾಳಾಯಿತು. ಕೊನೆಗೆ ಸ್ಟ್ಯಾಂಡಿನ ಮುಂದೆ ಸೊಪ್ಪು ಹೂವು ಮಾರುವ ಮುನೆಮ್ಮ ಗರಿಕೆ ಹುಲ್ಲನ್ನೂ ಮೂಲಂಗಿಯ ಎಲೆಯನ್ನೂ ತಂದಿಟ್ಟಳು, ಅದು ತಿಂದಿತು. ತಿನ್ನುವಾಗ ಆಗುವ ಆ ಸಣ್ಣ ಕರಕರ ಸದ್ದನ್ನು ಕೇಳುತ್ತಾ ವೆಂಕಟರಾಯಪ್ಪನವರು ಒಂದು ಬಸ್ಸಿನ ವೇಳೆಯನ್ನೇ ಮರೆತರಂತೆ. ಕದಿರಣ್ಣ ಹಾರನ್ ಬಾರಿಸಿ ಬಾರಿಸಿ ಕರೆಯಬೇಕಾಯಿತು.

ನೀರಿನ ವಿಷಯದಲ್ಲಿ ಮಾತ್ರ ಅವರು ಮೋಸಹೋದರು. ಮೋಸ ಮಾಡಿದವರು ಯಾರೂ ಇಲ್ಲ. ಇಡೀ ಸೀಮೆಯೇ ನಂಬಿದ್ದನ್ನು ಅವರೂ ನಂಬಿದರು.

"ಮೊಲ ನೀರು ಕುಡಿಯಲ್ಲ ಕಣಪ್ಪಾ," ಎಂದಿದ್ದಳು ಮುನೆಮ್ಮ. "ನಮ್ಮಪ್ಪ ಗುಡ್ಡ ಮೇಡು ತಿರುಗ್ದೋನು. ಒಂದಿನಾನೂ ಮೊಲ ನೀರಿನ ಕುಂಟೆ ತಾವ ಬಂದದ್ದು ಕಾಣ್ಲಿಲ್ಲ. ಇಬ್ಬನಿ ನೆಕ್ಕಂಡು ಬದುಕ್ತೈತೆ, ಅಷ್ಟೇಯ."

ಕದಿರಣ್ಣನೂ ಅದನ್ನೇ ಹೇಳಿದ, ಹೋಟೆಲಿನವರೂ ಅದನ್ನೇ ಹೇಳಿದರು. ಹನಿ ನೀರಿಲ್ಲದ ಕಲ್ಲುಗುಡ್ಡಗಳಲ್ಲಿ ಮೊಲ ಬದುಕುವುದನ್ನು ತಲೆಮಾರುಗಳಿಂದ ಕಂಡ ಜನ ಬೇರೆ ಏನು ಹೇಳಬೇಕು? ಆದರೆ ಏಪ್ರಿಲಿನ ಕಲ್ಯಾಣದುರ್ಗದಲ್ಲಿ ಇಬ್ಬನಿಯನ್ನು ಎಲ್ಲಿಂದ ತರುವುದು? ವೆಂಕಟರಾಯಪ್ಪನವರು ಅದನ್ನೂ ತಯಾರಿಸಲು ಹೊರಟರು. ಬೆಳಗ್ಗೆ ಟವಲಿನ ತುದಿಯನ್ನು ನೀರಿಗೆ ಅದ್ದಿ, ಹಿಂಡಿ, ಗರಿಕೆಯ ಮೇಲೆ ಮೆಲ್ಲಗೆ ಕೊಡವಿ, ಎಸಳಿನ ತುದಿಯಲ್ಲಿ ಹನಿ ನಿಂತಿದೆಯೇ ಎಂದು ಬಗ್ಗಿ ಬಗ್ಗಿ ನೋಡುವುದು. ನಾನೊಮ್ಮೆ ಈ ಕಾಯಕವನ್ನು ಕಂಡು ನಕ್ಕೆ, ಅವರು ನಗಲಿಲ್ಲ. ಈ ಇಬ್ಬನಿ ಸಾಲದೆ ಮೊಲ ಸೊರಗುತ್ತಾ ಬಂತು. ಕಿವಿಗಳು ಬೆನ್ನ ಮೇಲೆ ಬಿದ್ದವು, ಸೊಪ್ಪು ಮುಟ್ಟದೆ ಮೂಲೆ ಸೇರಿತು. ಆ ದಿನಗಳಲ್ಲಿ ಊರುಗಳ ಹೆಸರು ಕೂಗುವಾಗ ಕೂಡ ಅವರ ಧ್ವನಿಯಲ್ಲಿ ಬಲವಿರಲಿಲ್ಲ.

ಒಂದು ಮಧ್ಯಾಹ್ನ ನಾನು ಎಂಟನೆಯ ತರಗತಿಗೆ ವಿಜಯನಗರದ ಅರಸರನ್ನು ಒಪ್ಪಿಸುತ್ತಿದ್ದಾಗ ಬಾಗಿಲಲ್ಲಿ ಕಪ್ಪು ಕೋಟು ಕಾಣಿಸಿತು. ಬುಕಿಂಗ್ ಗೂಡು ಬಿಟ್ಟು ಬಾರದ ಮನುಷ್ಯ ಬಿಸಿಲಲ್ಲಿ ಓಡಿ ಬಂದು ಏದುಸಿರು ಬಿಡುತ್ತಾ ನಿಂತಿದ್ದರು.

"ಮೇಷ್ಟ್ರೇ, ಕುಡೀತು!"

"ಏನು ಕುಡೀತು?"

"ನೀರು! ಕಾಲು ತೊಳ್ಕಳ್ಳಾಕೆ ಬೋಗುಣಿ ಇಟ್ಟಿದ್ದೆ. ಮೂತಿ ಇಕ್ಕಿ ಕುಡೀತು, ಕುಡೀತು, ಕುಡೀತಾನೇ ಐತೆ! ಸುಳ್ಳು ಹೇಳ್ಬುಟ್ರು ಮೇಷ್ಟ್ರೇ ಎಲ್ರೂ!"

ಹುಡುಗರು ಘೊಳ್ಳೆಂದು ನಕ್ಕರು. ಏಜೆಂಟರಿಗೆ ಅದು ಕೇಳಿಸಿದಂತೆಯೇ ಇರಲಿಲ್ಲ. ಬಂದ ದಾರಿಯಲ್ಲೇ, ಈ ಸಲ ಗೋಡೆಯ ಅಂಚನ್ನು ಬಿಟ್ಟು, ಬೀದಿಯ ನಡುಮಧ್ಯದಲ್ಲಿ ದಾಪುಗಾಲು ಹಾಕುತ್ತಾ ಹಿಂದಿರುಗಿದರು. ಕೇಳದೆಯೇ ತಾವಾಗಿ ಬಂದು ಅವರು ನನಗೆ ಹೇಳಿದ ಮೊದಲ ಸಮಾಚಾರ ಅದು. ನನಗೂ ಬಹಳ ಸಂತೋಷವಾಯಿತು.

ಅಲ್ಲಿಂದ ಮುಂದೆ ಅವರ ದಿನಚರಿ ಬದಲಾಯಿತು. ಮೊಲಕ್ಕೆ ಹೆಸರಿಡಲಿಲ್ಲ, ಪ್ರಯಾಣಿಕರಿಗೆ ಹೇಳುವಂತೆ ಅದಕ್ಕೂ "ಬನ್ನಿ, ಬನ್ನಿ" ಎಂದೇ ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಅದು ಅವರ ಕಾಲಿಗೆ ಕಾಲು ತಾಗಿಸಿಕೊಂಡು ಕೋಣೆಯಿಂದ ಗೂಡಿಗೆ, ಗೂಡಿನಿಂದ ಕೋಣೆಗೆ ಕುಪ್ಪಳಿಸುತ್ತಾ ಬರುತ್ತಿತ್ತು. ಕೋಟಿನ ಅಂಚನ್ನು ಕಡಿದು ಬಾಚಣಿಗೆಯ ಹಲ್ಲಿನಂತೆ ಮಾಡಿತ್ತು. ಹೊಲಿಸಿಕೊಳ್ಳಬಾರದೇ ಎಂದರೆ, "ಇರ್ಲಿ ಬಿಡಿ, ಅದರ ಹಲ್ಲು ಬೆಳಿತಾವಂತೆ, ಕಡಿಯಾಕೆ ಏನಾನಾ ಬೇಕಲ್ಲ" ಎನ್ನುವರು. ಆ ಹಳೆಯ "ನಮ್ದೇನೈತೆ" ಯಾವಾಗ ನಿಂತುಹೋಯಿತೋ ನಾನು ಗಮನಿಸಲಿಲ್ಲ. ಈಗ ಕೇಳಿದರೆ ಹೇಳಲು ಅವರಿಗೆ ಏನಾದರೂ ಇರುತ್ತಿತ್ತು: ಅದು ಮಲಗುವಾಗ ಕಣ್ಣು ಮುಚ್ಚುವುದಿಲ್ಲ, ಸಿಟ್ಟು ಬಂದರೆ ಹಿಂಗಾಲಿನಿಂದ ನೆಲ ಒದೆಯುತ್ತದೆ, ಮಡಿಲಲ್ಲಿ ಕೂತಾಗ ಹಲ್ಲು ಮಸೆಯುತ್ತದೆ, ಅದು ಕೋಪವಲ್ಲ, ಸುಖ.

ಗೌರಿಹಬ್ಬಕ್ಕೆ ತಂಗಿ ಹಂಪಮ್ಮನಿಗೆ ಅರಿಶಿನ ಕುಂಕುಮ ಕೊಡಲು ಹಿಂದೂಪುರಕ್ಕೆ ಹೊರಟರು. ಮೊಲವನ್ನು ಯಾರ ಹತ್ತಿರ ಬಿಡುವುದು? ಬಿದಿರಿನ ಕುಕ್ಕೆಯಲ್ಲಿಟ್ಟು ಮಡಿಲಲ್ಲೇ ಇರಿಸಿಕೊಂಡು ಬಂದರು. ನಾನೂ ಅದೇ ಬಸ್ಸು. ಹಂಪಮ್ಮನ ಮನೆ ನಮ್ಮ ಬೀದಿಯ ತಿರುವಿನಲ್ಲೇ ಇದ್ದುದರಿಂದ ಜೊತೆಗೆ ಹೋದೆ.

"ಅಯ್ಯೋ ನಮ್ಮಣ್ಣಯ್ಯಾ," ಎಂದು ಆ ಹೆಣ್ಣುಮಗಳು ಬಾಗಿಲಲ್ಲೇ ಕೈ ಬಾಯಿಗಿಟ್ಟುಕೊಂಡಳು. "ಹೆಣ್ಣು ನೋಡ್ತೀವಿ ಅಂದ್ರೆ ಬ್ಯಾಡ ಬ್ಯಾಡ ಅಂದು, ಈಗ ಮೊಲ ಕಂಕುಳಾಗಿಟ್ಕಂಡು ಬಂದಿದ್ದೀಯಲ್ಲೋ!"

ನಗುತ್ತಲೇ ಹೇಳಿದಳು, ಹೇಳಿ ಮುಗಿಸುವ ಹೊತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಳಗಿನಿಂದ ಅವಳ ಅತ್ತೆಯ ಧ್ವನಿ ಬಂತು: "ಮನ್ಯಾಗೆ ಬ್ಯಾಡ ಕಣಮ್ಮಾ, ಬೆಲ್ಲದ ಮೂಟೆ ಕಡಿತೈತೆ. ಜಗಲಿ ಮ್ಯಾಗಿರ್ಲಿ." ಮೊಲ ಜಗಲಿಯ ಮೇಲೆ ಉಳಿಯಿತು, ಅದೊಂದನ್ನೇ ಬಿಟ್ಟು ಒಳಗೆ ಹೋಗಲು ಮನಸ್ಸಾಗದೆ ಅಣ್ಣನೂ ಜಗಲಿಯ ಮೇಲೆಯೇ ಉಳಿದರು. ಹಬ್ಬದ ಎಲೆ ಅಲ್ಲಿಗೇ ಬಂತು. ಒಳಗೆ ಬಳೆ, ಮಕ್ಕಳು, ಪಾತ್ರೆಗಳ ಸದ್ದು. ಹೊರಗೆ ಕಪ್ಪು ಕೋಟಿನ ಮನುಷ್ಯ ಒಬ್ಬಟ್ಟನ್ನು ಮುರಿದು ತಿನ್ನುತ್ತಾ ಹೋಗಿಬರುವವರನ್ನು ನೋಡುತ್ತಾ ಕೂತಿದ್ದರು. ಎರಡು ದಿನ ಇದ್ದು ಹೋಗುವೆನೆಂದು ಬಂದವರು ಸಾಯಂಕಾಲದ ಬಸ್ಸಿಗೇ ಹಿಂದಿರುಗಿದರು. ಮನುಷ್ಯನಿಗೆ ತನ್ನವರ ಮನೆಯಲ್ಲೇ ಜಾಗವಿಲ್ಲದಿರುವ ದುಃಖವನ್ನು ನಾನು ಅವತ್ತು ಕಂಡಷ್ಟು ಹತ್ತಿರದಿಂದ ಬೇರೆ ಎಂದೂ ಕಂಡಿಲ್ಲ.

ಸಂಕ್ರಾಂತಿ ಬಂತು. ಬೆಳುಗುಪ್ಪದ ದಾರಿಯಲ್ಲಿ ಗುಂಡ್ಲಹಟ್ಟಿ ಎಂದು ಒಂದು ಸಣ್ಣ ಊರು. ಅಲ್ಲೊಂದು ರಂಗಪ್ಪನ ಗುಡಿ. ಸಂಕ್ರಾಂತಿಯ ಮಾರನೆಯ ದಿನ ನಸುಕಿನಲ್ಲೇ ಆ ಊರಿನ ಗಂಡಸರು ಗುಡ್ಡಕ್ಕೆ ಬಲೆ ಕಟ್ಟಿ ಮೊಲವೊಂದನ್ನು ಜೀವಸಹಿತ ಹಿಡಿದು ತರುತ್ತಾರೆ. ಅದರ ಹಣೆಗೆ ನಾಮವಿಟ್ಟು, ಕಿವಿ ಚುಚ್ಚಿ ಚಿನ್ನದ ತಂತಿಯ ಮುರು ತೊಡಿಸಿ, ಗುಡಿಯ ಸುತ್ತ ಮೂರು ಸಲ ಮೆರೆಸಿ ಬಿಟ್ಟುಬಿಡುತ್ತಾರೆ. ಅದು ಯಾವ ದಿಕ್ಕಿಗೆ ಓಡುತ್ತದೋ ಆ ದಿಕ್ಕಿಗೆ ಆ ವರ್ಷ ಒಳ್ಳೆಯ ಮಳೆ. ಬಿಟ್ಟ ಮೇಲೆ ಅದು ದೇವರ ಮೊಲ; ಅದನ್ನು ಯಾರೂ ಮುಟ್ಟಬಾರದು, ಕೂಡಿಹಾಕಬಾರದು. ಆ ದಿನ ಹೊತ್ತು ಮುಳುಗುವವರೆಗೆ ಊರ ನಾಯಿಗಳನ್ನೆಲ್ಲ ಕಟ್ಟಿಹಾಕಿರುತ್ತಾರೆ. ಮೊಲ ಓಡಿ ದಿಕ್ಕು ತೋರಿಸುವವರೆಗೆ ಊರಿನಲ್ಲಿ ಯಾರೂ ಎಲೆ ಹಾಕುವುದಿಲ್ಲ.

ಆ ವರ್ಷ ಬಲೆಗೆ ಒಂದು ಮೊಲವೂ ಬೀಳಲಿಲ್ಲ. ಬೆಳಗಿನ ಬಸ್ಸಿಗೆ ಗುಂಡ್ಲಹಟ್ಟಿಯ ಯಜಮಾನ ಕೊಂಡಪ್ಪ ಇನ್ನೊಬ್ಬ ಹಿರಿಯ ಗಂಗುಲಪ್ಪನನ್ನು ಕರೆದುಕೊಂಡು ಬಂದಿಳಿದು, ನೆಟ್ಟಗೆ ಬುಕಿಂಗ್ ಗೂಡಿನ ಮುಂದೆ ಬಂದು ರುಮಾಲು ಸರಿಪಡಿಸಿಕೊಂಡು ನಿಂತ. ಹಬ್ಬದ ರಜೆಯಾದ್ದರಿಂದ ನಾನು ಅಲ್ಲೇ ಬೆಂಚಿನ ಮೇಲಿದ್ದೆ. ಟಿಕೆಟ್ಟಿಗೆ ಬಂದವರೆಂದು ವೆಂಕಟರಾಯಪ್ಪನವರು ಪುಸ್ತಕ ಬಿಚ್ಚಿದರು.

"ಟಿಕೀಟು ಆಮ್ಯಾಕೆ ಸಾಮಿ," ಎಂದ ಕೊಂಡಪ್ಪ. "ಮೊದ್ಲು ನಿಮ್ಮೆಸ್ರೇನು ಹೇಳಿ."

ಈ ಪ್ರಶ್ನೆ ಅವರಿಗೆ ಹೊಸದು. ಕಲ್ಯಾಣದುರ್ಗದಲ್ಲಿ ಅವರು ಎಲ್ಲರಿಗೂ ಏಜೆಂಟು, ಬಹಳ ಪ್ರೀತಿಯಿದ್ದವರಿಗೆ ಏಜೆಂಟಪ್ಪ.

"ವೆಂಕಟರಾಯಪ್ಪ," ಎಂದರು.

"ನೋಡಿ ವೆಂಕಟರಾಯಪ್ಪನೋರೇ, ಗುಡ್ಡ ಎಲ್ಲಾ ಬಲೆ ಕಟ್ಟಿದ್ವಿ, ಒಂದೂ ಬೀಳ್ಲಿಲ್ಲ. ರಂಗಪ್ಪ ಉಪಾಸ ಕುಂತವ್ನೆ. ನಿಮ್ಮ ತಾವ ಇರೋದು ಬಿಳೀದು, ಅದೂ ತಾನಾಗೇ ಬಂದದ್ದು. ದ್ಯಾವ್ರು ಮುಂದಾಗಿ ಕಳ್ಸಿ ನಿಮ್ಮ ತಾವ ಇಟ್ಟವ್ನೆ ಅಂತ ನಮ್ಮ ಅನ್ನಿಕೆ. ವೆಂಕಟರಾಯಪ್ಪನೋರು ಕೊಟ್ಟ ಮೊಲ ಅಂತ ಊರೆಲ್ಲಾ ಹೇಳ್ಕಂತೀವಿ. ಇಲ್ಲ ಅನ್ಬ್ಯಾಡಿ."

ಇಬ್ಬರೂ ಕೈಮುಗಿದು ನಿಂತರು. ಮೊಲ ಆ ಹೊತ್ತಿಗೆ ಗೂಡಿನೊಳಗೆ ಮೂಲಂಗಿಯ ಎಲೆಯೊಂದನ್ನು ತುದಿಯಿಂದ ದಂಟಿನವರೆಗೆ ಒಳಗೆಳೆದುಕೊಳ್ಳುತ್ತಾ ಕೂತಿತ್ತು. ವೆಂಕಟರಾಯಪ್ಪನವರು ಅದರ ಕಡೆ ನೋಡಲಿಲ್ಲ. ಕೈಮುಗಿದು ನಿಂತ ಆ ಎರಡು ಮುಖಗಳನ್ನೇ ನೋಡುತ್ತಾ, "ಆಗ್ಲಿ. ನಾನೇ ಎತ್ಕಂಡು ಬತ್ತೀನಿ" ಎಂದುಬಿಟ್ಟರು.

ನನಗೆ ಸಿಟ್ಟು ನೆತ್ತಿಗೇರಿತು. ಹಿರಿಯರು ಮುನೆಮ್ಮನ ಹತ್ತಿರ ಹೂವು ಕೊಳ್ಳಲು ಹೋದ ತಕ್ಷಣ ವೆಂಕಟರಾಯಪ್ಪನವರನ್ನು ತರಾಟೆಗೆ ತೆಗೆದುಕೊಂಡೆ. "ಅದು ಗುಡ್ಡದ ಮೊಲವೇನ್ರೀ? ಟೋಪಿಯೊಳಗೆ ಬೆಳೆದದ್ದು. ಓಡಲು ಬರದು, ಅಡಗಲು ಬರದು, ಆ ಕೆಂಪು ನೆಲದಲ್ಲಿ ಈ ಬಿಳಿ ಮೈ ಮೈಲಿ ದೂರಕ್ಕೆ ಕಾಣುತ್ತೆ. ಹೊತ್ತು ಮುಳುಗಿ ನಾಯಿ ಬಿಚ್ಚಿದರೆ ಮುಗಿಯಿತು."

"ಗೊತ್ತು ಮೇಷ್ಟ್ರೇ."

"ಗೊತ್ತಿದ್ದೂ ಒಪ್ಪಿದಿರಾ?"

ಅವರು ಬಿಚ್ಚಿದ್ದ ಪುಸ್ತಕವನ್ನು ಮುಚ್ಚಿ, ಆ ಮೀಸೆ ದಾಟದ ದನಿಯಲ್ಲಿ ಹೇಳಿದರು: "ಇಷ್ಟು ವರ್ಸದಾಗೆ ಟಿಕೀಟು ಬಿಟ್ರೆ ನನ್ನ ತಾವ ಯಾರೂ ಏನೂ ಕೇಳಿರ್ಲಿಲ್ಲ. ಹೆಸ್ರು ಕೇಳ್ಕಂಡು, ಹೆಸ್ರು ಹಿಡಿದು ಬೇಡಿದ್ರು. ಇಲ್ಲ ಅನ್ನಾಕೆ ಬಾಯಿ ಬರ್ಲಿಲ್ಲ."

ಹಿರಿಯರ ಜೊತೆ ಅವರು ಮೊಲವನ್ನೆತ್ತಿಕೊಂಡು ಬಸ್ಸು ಹತ್ತಿದರು. ನಾನೂ ಅದೇ ಬಸ್ಸು ಹತ್ತಿದೆ. ಆ ದಿನ ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗುವವರು ಯಾರೂ ಇರಲಿಲ್ಲ. ದಾರಿಯುದ್ದಕ್ಕೂ ಅವರು ಕೋಟಿನೊಳಗೆ ಮೊಲವನ್ನು ಅವುಚಿಕೊಂಡು, ಕೊರಳ ಸಂದಿಯಿಂದ ಹೊರಬಂದ ಅದರ ಮೂತಿಗೆ ಗರಿಕೆಯ ಎಸಳುಗಳನ್ನು ಒಂದೊಂದಾಗಿ ಕೊಡುತ್ತಿದ್ದರು. ಅದು ತಿನ್ನುವುದನ್ನು ನಿಲ್ಲಿಸಿದ ಮೇಲೂ ಕೊಡುತ್ತಲೇ ಇದ್ದರು.

ಗುಂಡ್ಲಹಟ್ಟಿಯಲ್ಲಿ ತಮಟೆ, ಹೂವು, ಉಪವಾಸವಿದ್ದ ಜನ. ಕಿವಿ ಚುಚ್ಚುವಾಗ ವೆಂಕಟರಾಯಪ್ಪನವರು ಮುಖ ತಿರುಗಿಸಿದರು. ನಾಮ, ಮುರು, ಕೊರಳಲ್ಲಿ ಚೆಂಡುಹೂವಿನ ಸರ; ಮೂರು ಸುತ್ತು ಮೆರೆಸಿ, "ಗೋವಿಂದಾ" ಎಂದು ಗುಡಿಯ ಮುಂದಿನ ಬಯಲಲ್ಲಿ ನೆಲಕ್ಕೆ ಬಿಟ್ಟರು. ಜನ ದೂರ ಸರಿದು ಬಾಯಿ ಬಿಟ್ಟು ನಿಂತಿತು. ಮೊಲ ಓಡಲಿಲ್ಲ. ಮುಂಗಾಲೆತ್ತಿ ಮುಖ ತೊಳೆದುಕೊಂಡಿತು. ಹೂವಿನ ಸರವನ್ನು ಒಂದಿಷ್ಟು ತಿಂದಿತು. ತಮಟೆಯವರು ಇನ್ನೂ ಜೋರಾಗಿ ಬಾರಿಸಿದಾಗ ಹೆದರಿ, ಸುತ್ತ ಮೂಸಿ, ಇಷ್ಟೊಂದು ಜೊತೆ ಕಾಲುಗಳ ನಡುವೆ ತನಗೆ ಬೇಕಾದ ಕಾಲುಗಳನ್ನು ಹುಡುಕಿಕೊಂಡು ಬಂದು, ವೆಂಕಟರಾಯಪ್ಪನವರ ಪಾದಗಳ ಮೇಲೆ ಮೈಯಿಟ್ಟು ಕೂತುಬಿಟ್ಟಿತು.

ಯಾರೋ ಕಿಸಕ್ಕೆಂದರು. "ಮಳೆ ಎಲ್ಲಾ ಏಜೆಂಟಪ್ಪನ ಮ್ಯಾಲೇ ಬೀಳ್ತೈತೆ ಕಣ್ಲಾ," ಎಂದ ಗಂಗುಲಪ್ಪ. ನಗು ಹರಡಿತು, ನಗದವರು ಇಬ್ಬರೇ, ನಾನು ಮತ್ತು ಅವರು. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು, ಮುಟ್ಟಬಾರದಲ್ಲ. ಆ ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದುದು ಹಿಂದೆ ನಿಂತಿದ್ದ ನನಗೆ ಕಾಣುತ್ತಿತ್ತು.

ಹೊತ್ತು ಇಳಿಯತೊಡಗಿತು. ಕಟ್ಟಿದ ನಾಯಿಗಳು ಮನೆಗಳ ಹಿಂದಿನಿಂದ ಊಳಿಡುತ್ತಿದ್ದವು. ಕೊಂಡಪ್ಪ ಹತ್ತಿರ ಬಂದು ಮೆಲ್ಲಗೆ ಹೇಳಿದ: "ವೆಂಕಟರಾಯಪ್ಪನೋರೇ, ನೀವಿರೋಗಂಟ ಅದು ಹೋಗಲ್ಲ. ಊರು ಉಪಾಸ ಐತೆ."

ಅವರು ತಲೆಯಾಡಿಸಿ ನಡೆಯತೊಡಗಿದರು. ಮೊಲ ಹಿಂದೆಯೇ ಕುಪ್ಪಳಿಸಿತು. ಊರ ಅಂಚಿನವರೆಗೆ, ಕಣಗಳನ್ನು ದಾಟಿ, ತಂಗಡಿ ಪೊದೆಗಳು ಶುರುವಾಗುವ ಕಡೆಯವರೆಗೆ ಇಬ್ಬರೂ ಹೋದರು. ಜನ ದೂರದಲ್ಲಿ ಹಿಂಬಾಲಿಸಿತು. ಅಲ್ಲಿ ಅವರು ನಿಂತು ತಿರುಗಿದರು. ಮೊಲವೂ ನಿಂತು ಮುಖವೆತ್ತಿತು. ಆಗ ಆ ಮನುಷ್ಯ, ಎಮ್ಮೆಗೂ ಮೇಕೆಗೂ ದಾರಿ ಬಿಡುತ್ತಿದ್ದ ಆ ಮನುಷ್ಯ, ಎಡಗಾಲೆತ್ತಿ ಅದರ ಮುಂದೆ ನೆಲವನ್ನು ಧಡ್ಡೆಂದು ಒದ್ದರು. ಮೊಲ ಬೆಚ್ಚಿ ಹಿಂದೆ ಹಾರಿತು. ಮತ್ತೆ ಮುಂದೆ ಬಂತು. ಅವರು ಮಣ್ಣಿನ ಹೆಂಟೆಯೊಂದನ್ನು ತೆಗೆದು ಅದರ ಪಕ್ಕಕ್ಕೆ ಎಸೆದರು. ಅದು ಸರಿದು, ಆಟವೇನೋ ಎಂಬಂತೆ ಕಿವಿ ನಿಮಿರಿಸಿ, ಮತ್ತೆ ಹತ್ತಿರ ಬಂತು. "ಹೋಗು," ಎಂದರು. "ಹೋಗು, ಹೋಗು." ಮತ್ತೊಂದು ಹೆಂಟೆ, ಮಗದೊಂದು. ಕೊನೆಗೆ ಒಂದು ಅದರ ಬೆನ್ನಿಗೇ ತಗುಲಿತು. ಗುರಿತಪ್ಪಿ ಬಿದ್ದದ್ದಲ್ಲ, ಅದನ್ನು ನಾನು ಕಂಡೆ. ಮೊಲ ಒಂದು ಕ್ಷಣ ಅವರನ್ನು ನೋಡುತ್ತಾ ಮುದುರಿ ನಿಂತಿತು. ಆಮೇಲೆ ತಿರುಗಿ, ತನಗೆ ಬರುತ್ತದೆಂದು ನಾವು ಯಾರೂ ಎಣಿಸದಿದ್ದ ಓಟ ಕಿತ್ತು, ಪೊದೆಗಳ ನಡುವೆ ಬಿಳಿಯಾಗಿ ಎರಡು ಸಲ ಕಾಣಿಸಿ ಮರೆಯಾಯಿತು.

"ಬಡಗಲ ದಿಕ್ಕು! ಬಡಗಲ ದಿಕ್ಕು! ಗೋವಿಂದಾ!" ಎಂದು ಜನ ಹಿಂದಿನಿಂದ ಮುಗಿಲು ಮುಟ್ಟುವಂತೆ ಕೂಗಿತು. ಹುಡುಗರು ಕುಣಿದರು. ಕೊಂಡಪ್ಪ ಓಡಿ ಬಂದು ಅವರ ಎರಡೂ ಕೈ ಹಿಡಿದುಕೊಂಡ. ಅವರ ಕೈತುಂಬ ಕೆಂಪು ಮಣ್ಣಿತ್ತು. ಅವರನ್ನು ಮೊದಲ ಪಂಕ್ತಿಯ ಮೊದಲ ಎಲೆಗೆ ಕೂಡಿಸಿ, ಊರಿನ ಹೆಂಗಸರು ಹೆಸರು ಹಿಡಿದು ಉಪಚಾರ ಮಾಡಿ ಬಡಿಸಿದರು. ಬಡಿಸಿದ್ದನ್ನೆಲ್ಲ, ಯಾವುದನ್ನೂ ಬೇಡವೆನ್ನದೆ, ಒಂದಗುಳೂ ಉಳಿಸದೆ ಅವರು ಉಂಡರು.

ಹಿಂದಿರುಗುವ ಬಸ್ಸು ಹತ್ತಿದೆವು. ಕಲ್ಯಾಣದುರ್ಗದ ದೀಪಗಳು ಕಾಣಿಸಿದಾಗ ಅವರೇ ಹೇಳಿದರು: "ನಾಯಿ ಕಂಡ್ರೆ ಓಡೋದು ಕಲೀಬೇಕಲ್ಲ ಮೇಷ್ಟ್ರೇ ಅದು. ಯಾರ್ನೂ ಕಂಡು ಹೆದ್ರಿದ್ದೇ ಇಲ್ಲ. ಮೊದ್ಲು ನನ್ನ ಕಂಡು ಹೆದರ್ಲಿ ಅಂತ..." ಕಿಟಕಿಯ ಕಡೆ ತಿರುಗಿ ಕೂತರು.

ಆ ವರ್ಷ ಬಡಗಲ ಕಡೆ ಮಳೆಯಾಯಿತೋ ಇಲ್ಲವೋ ನನಗೆ ನೆನಪಿಲ್ಲ. ಮೊಲದ ಗತಿ ಏನಾಯಿತೆಂಬುದೂ ಗೊತ್ತಿಲ್ಲ. ಗುಂಡ್ಲಹಟ್ಟಿಯ ಕಡೆಯಿಂದ ಬಂದವರು ಆಗಾಗ, ಬಿಳೀದೊಂದು ಗುಡ್ಡದ ಬುಡದಲ್ಲಿ ಕಂಡೆವು ಎನ್ನುತ್ತಿದ್ದರು, ಅದು ನಿಜವೋ ಏಜೆಂಟರನ್ನು ಸಂತೋಷಪಡಿಸಲು ಹೇಳಿದ್ದೋ. ವೆಂಕಟರಾಯಪ್ಪನವರು ಏನನ್ನೂ ವಿಚಾರಿಸದೆ ಟಿಕೆಟು ಹರಿದುಕೊಡುತ್ತಿದ್ದರು. ಕೆಲವು ವರ್ಷಗಳ ನಂತರ ಅವರಿಗೆ ಹಿಂದೂಪುರದ ಸ್ಟ್ಯಾಂಡಿಗೇ ಬದಲಿಯಾಯಿತು. ತಂಗಿಯ ಮನೆ ಅಷ್ಟು ಸಮೀಪವಿದ್ದೂ ಬೇರೆ ಕೋಣೆ ಹಿಡಿದರು. ನಾನು ರಜೆಯಲ್ಲಿ ಹೋದಾಗ, ಸಂತೆಯಲ್ಲಿ ಈಗ ಸಾಕುವ ಮೊಲಗಳು ಸಿಗುತ್ತವೆ, ಒಂದು ತರೋಣವೇ ಎಂದು ಕೇಳಿದೆ. ಬೇಡ ಎಂದರು. ಯಾಕೆಂದು ಕೇಳಿದ್ದಕ್ಕೆ, "ಯಾರಾನಾ ಬಂದು ಕೇಳಿದ್ರೆ ಕೊಟ್ಬುಡ್ತೀನಿ ಮೇಷ್ಟ್ರೇ" ಎಂದರು.

ಆ ಉತ್ತರವನ್ನು ನಾನು ಬಹಳ ವರ್ಷ ಮನಸ್ಸಿನಲ್ಲಿ ತಿರುವಿಹಾಕಿದ್ದೇನೆ. ಇಂಥವರನ್ನು ಜನ ಧಾರಾಳಿಗಳು ಎನ್ನುತ್ತಾರೆ, ದೇವರಂಥವರು ಎನ್ನುತ್ತಾರೆ, ಹಾಗೆಂದು ಅವರ ಮನೆಯಿಂದ ಇದ್ದೊಂದು ಸೊಗಸನ್ನೂ ಎತ್ತಿಕೊಂಡು ಹೋಗುತ್ತಾರೆ. ತುಂಬಿದ ಮನೆಯವನಿಗೆ ಇಲ್ಲ ಎನ್ನುವುದು ಸುಲಭ. ಅವನ ಬಾಗಿಲಿಗೆ ನಾಳೆಯೂ ಯಾರಾದರೂ ಬರುತ್ತಾರೆ. ಯಾರೂ ಬಾರದ ಬಾಗಿಲಿನವನಿಗೆ ಬೇಡಲು ಬಂದವನೇ ಅತಿಥಿ, ಬೇಡುವ ಮಾತೇ ಉಪಚಾರ. ಅಂಥವನು ಎದುರಿಗೆ ನಿಂತವರ ಮುಖವನ್ನು ಕಣ್ತುಂಬ ನೋಡುತ್ತಾನೆ, ಕೊಡುತ್ತಿರುವುದು ಏನನ್ನು ಎಂದು ನೋಡುವುದಿಲ್ಲ. ನೋಡುವ ಹೊತ್ತಿಗೆ ಬಂದವರು ಹೋಗಿರುತ್ತಾರೆ, ಮಡಿಲು ಬರಿದಾಗಿರುತ್ತದೆ.